ಕೈಯ ಕಸುಬೂ ಇಲ್ಮೇ: ಜೆರುಸಲೇಮಿನ ನೀಲಿ ಟೈಲುಗಳು ಕಲಿಸುವ ಪಾಠ

(ಸಂಘದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಒಂದು ಚಿತ್ರವಿರುತ್ತದೆ. ಬಂಗಾರದ ಬಣ್ಣದ ಗುಮ್ಮಟ, ಅದರ ಕೆಳಗೆ ಎಂಟು ಮೂಲೆಯ ನೀಲಿ ಗೋಡೆ. ಅದು ಜೆರುಸಲೇಮಿನ ಕುಬ್ಬತುಸ್ಸಖ್ರಾ. ಅದನ್ನೇ ಅಕ್ಸಾ ಮಸೀದಿ ಎಂದು ತಿಳಿದವರು ಬಹಳ ಮಂದಿ. ಅಕ್ಸಾದ ಪವಿತ್ರ ಆವರಣದೊಳಗೆ, ಬಂಡೆಯೊಂದರ ಮೇಲೆ ಕಟ್ಟಿದ ಬೇರೆಯೇ ಕಟ್ಟಡ ಇದು. ಗುಮ್ಮಟದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನಾನು ಇಂದು ಆ ನೀಲಿ ಗೋಡೆಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಆ ಗೋಡೆಯ ಟೈಲುಗಳನ್ನು ಮಾಡಿದವರು ಯಾರು? ಅವು ಒಡೆದಾಗ ದುರಸ್ತಿಗೆಂದು ಬಂದವರು ಯಾರು? ಈ ಪ್ರಶ್ನೆಗಳ ಉತ್ತರದಲ್ಲಿ, ವಿದ್ಯಾರ್ಥಿಗಳಾದ ನಿಮಗೂ ವಿದ್ಯಾರ್ಥಿವೇತನ ಕೊಡುವ ನಮ್ಮಂತಹ ಸಂಘಗಳಿಗೂ ಒಂದು ಪಾಠವಿದೆ.

ಉಮಯ್ಯಾ ಖಲೀಫ ಅಬ್ದುಲ್ ಮಲಿಕ್ ಈ ಕಟ್ಟಡವನ್ನು ಪೂರ್ಣಗೊಳಿಸಿದ್ದು ಕ್ರಿ.ಶ. 691-92ರಲ್ಲಿ. ಆಗ ಹೊರಗೋಡೆಗೆ ಇದ್ದದ್ದು ಟೈಲಲ್ಲ, ಗಾಜಿನ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಚಿತ್ತಾರ. ಎಂಟೂವರೆ ಶತಮಾನಗಳ ಮಳೆ ಗಾಳಿಗೆ ಅದು ಹಾಳಾಯಿತು. 16ನೇ ಶತಮಾನದ ನಡುವಿನಲ್ಲಿ ಉಸ್ಮಾನಿಯಾ ಸುಲ್ತಾನ್ ಸುಲೈಮಾನರು ಅದನ್ನು ತೆಗೆಸಿ ಬಣ್ಣದ ಟೈಲು ಹೊದಿಸಿದರು. ಆ ಟೈಲುಗಳ ನಡುವೆ ಒಬ್ಬ ಕೆಲಸಗಾರನ ಹೆಸರು ಸಿಗುತ್ತದೆ. ಅಬ್ದುಲ್ಲಾ, ತಬ್ರೀಜಿನವನು, ಕಾಲ 1551-52. ತಬ್ರೀಜ್ ಇರುವುದು ಇರಾನಿನಲ್ಲಿ. ಅಂದರೆ ಸುಲ್ತಾನನ ಹಣ ಇಸ್ತಾಂಬುಲ್‌ನಿಂದ ಬಂತು, ಕೆಲಸದ ಕೈ ಇರಾನಿನಿಂದ ಬಂತು. ಪರವೂರಿನಿಂದ ಬಂದವನೊಬ್ಬ ಅಲ್ಲಿ ತನ್ನ ಊರಿನ ಹೆಸರನ್ನು ಬರೆದು ಹೋದ.

ಇದು ನಮಗೆ ದೂರದ ಕಥೆಯಲ್ಲ. ಬೀದರಿಗೆ ಹೋಗಿ ಮಹಮೂದ್ ಗವಾನರ ಮದರಸಾದ ಎದುರು ನಿಲ್ಲಿ. ಗವಾನರು ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದವರು. ಅವರು 1472ರಲ್ಲಿ ಕಟ್ಟಿಸಿದ ಆ ಮೂರಂತಸ್ತಿನ ವಿದ್ಯಾಲಯದ ಮುಂಭಾಗದಲ್ಲಿ, ಉಳಿದಿರುವ ಮಿನಾರಿನ ಮೇಲೆ, ನೀಲಿ, ಹಸಿರು, ಹಳದಿ, ಬಿಳಿ ಟೈಲುಗಳು ಇಂದಿಗೂ ಕಾಣುತ್ತವೆ. 17ನೇ ಶತಮಾನದ ಕೊನೆಯಲ್ಲಿ ನಡೆದ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಪಾಲು ಕುಸಿಯಿತು. ಉಳಿದ ಪಾಲು ಇಂದಿಗೂ ಸಾಕ್ಷಿ ಹೇಳುತ್ತಿದೆ. ಈ ಬಗೆಯ ಕೆಲಸಕ್ಕೆ ಫಾರಸಿಯಲ್ಲಿ ಕಾಶಿ ಎನ್ನುತ್ತಾರೆ. ಇರಾನಿನ ಕಾಶಾನ್ ಎಂಬ ಊರಿನಿಂದ ಬಂದ ಹೆಸರು ಅದು.

ಆ ಕಾಶಾನ್ ಊರಿನ ಒಂದು ಮನೆತನದ ಬಗ್ಗೆ ಎರಡು ಮಾತು ಹೇಳಲೇಬೇಕು. ಅಬೂ ತಾಹಿರ್ ಮನೆತನದವರು ತಲೆಮಾರುಗಳಿಂದ ಟೈಲು ಮಾಡುತ್ತಿದ್ದರು. ಮಸೀದಿಗಳ ಮಿಹ್ರಾಬುಗಳ ಮೇಲೆ ತಂದೆ, ಮಗ, ಮೊಮ್ಮಗ ತಮ್ಮ ಹೆಸರು ಬರೆದಿದ್ದಾರೆ. ಅದೇ ಮನೆಯಲ್ಲಿ ಅಬುಲ್ ಕಾಸಿಂ ಎಂಬ ಮಗ ಹುಟ್ಟಿದ. ಅವನು ಓದಿದ, ಮಂಗೋಲ್ ಅರಸರ ಆಸ್ಥಾನದಲ್ಲಿ ಇತಿಹಾಸಕಾರನಾದ. ಆದರೆ ಮನೆಯ ಕಸುಬನ್ನು ಮರೆಯಲಿಲ್ಲ. 1301ರಲ್ಲಿ ರತ್ನ, ಖನಿಜಗಳ ಬಗ್ಗೆ ಒಂದು ಗ್ರಂಥ ಬರೆದು, ಅದರ ಕೊನೆಯಲ್ಲಿ ತನ್ನ ಮನೆಯವರು ಟೈಲು ಮಾಡುವ ವಿಧಾನವನ್ನು ವಿವರವಾಗಿ ದಾಖಲಿಸಿದ. ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿಮಣ್ಣು. ಏಳು ನೂರು ವರ್ಷಗಳ ನಂತರ ವಿದ್ವಾಂಸರು ಹಳೆಯ ಟೈಲುಗಳನ್ನು ಪರೀಕ್ಷಿಸುವಾಗಲೂ ಈ ಲೆಕ್ಕವನ್ನು ಮುಂದಿಟ್ಟುಕೊಳ್ಳುತ್ತಾರೆ. ಈ ಅಬುಲ್ ಕಾಸಿಮನನ್ನು ನೆನಪಿಟ್ಟುಕೊಳ್ಳಿ. ಅವನ ಬಳಿಗೆ ಮತ್ತೆ ಬರುತ್ತೇನೆ.

ಈಗ ನಮ್ಮ ಕಥಾನಾಯಕನ ಮಾತು. ಅವನ ಹೆಸರು ದಾವಿದ್ ಒಹನೆಸಿಯಾನ್. 1884ರಲ್ಲಿ ತುರ್ಕಿಯ ಎಸ್ಕಿಶೆಹಿರ್ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಅರ್ಮೇನಿಯನ್ ಕ್ರೈಸ್ತ. ಕುತಾಹ್ಯಾ ಎಂಬ ಊರಿಗೆ ಬಂದು ಟೈಲು ಕೆಲಸದಲ್ಲಿ ತೊಡಗಿದ. ಉಸ್ಮಾನಿಯಾ ಕಾಲದ ಅತಿ ಹೆಸರಾದ ಟೈಲುಗಳು ತಯಾರಾಗುತ್ತಿದ್ದದ್ದು ಇಜ್ನಿಕ್‌ನಲ್ಲಿ. 17ನೇ ಶತಮಾನದಲ್ಲಿ ಇಜ್ನಿಕ್ ಸೊರಗಿದ ಮೇಲೆ ಈ ಕಲೆಯನ್ನು ಹಿಡಿದುಕೊಂಡು ಬಂದದ್ದು ಕುತಾಹ್ಯಾ. ಅಲ್ಲಿ ಅರ್ಮೇನಿಯನ್ ಕ್ರೈಸ್ತರೂ ತುರ್ಕಿ ಮುಸಲ್ಮಾನರೂ ಇದೇ ಕಸುಬಿನಲ್ಲಿದ್ದರು. ಮಸೀದಿಗೆ ಬೇಕಾದ ಟೈಲನ್ನು ಕ್ರೈಸ್ತ ಮಾಡುತ್ತಿದ್ದ. ಅದರಲ್ಲಿ ಯಾರಿಗೂ ಅಚ್ಚರಿ ಇರಲಿಲ್ಲ.

20ನೇ ಶತಮಾನದ ಆರಂಭದಲ್ಲಿ ಹಳೆಯ ಮಸೀದಿಗಳ ದುರಸ್ತಿ ಶುರುವಾದಾಗ ಕುತಾಹ್ಯಾದ ಕಾರ್ಖಾನೆಗಳಿಗೆ ಕೆಲಸ ಹೆಚ್ಚಿತು. ಒಹನೆಸಿಯಾನ್ ಹಳೆಯ ಟೈಲುಗಳ ಮುಂದೆ ನಿಂತು ಅವುಗಳ ಹೂವು, ಬಳ್ಳಿ, ಬಣ್ಣಗಳನ್ನು ಅಭ್ಯಾಸ ಮಾಡಿ ಅದೇ ಗುಣಮಟ್ಟಕ್ಕೆ ಕೆಲಸ ತೆಗೆಯತೊಡಗಿದ. 1913ರ ಸುಮಾರಿಗೆ ಮಾರ್ಕ್ ಸೈಕ್ಸ್ ಎಂಬ ಇಂಗ್ಲಿಷ್ ಶ್ರೀಮಂತನೊಬ್ಬ ಇಂಗ್ಲೆಂಡಿನ ಸ್ಲೆಡ್‌ಮಿಯರ್‌ನಲ್ಲಿದ್ದ ತನ್ನ ಬಂಗಲೆಯ ಒಂದು ಕೋಣೆಗೆ ಇವನಿಂದ ಟೈಲು ತರಿಸಿಕೊಂಡ. ಅರಬ್ ನಾಡುಗಳನ್ನು ಹರಿದು ಹಂಚಿದ ಸೈಕ್ಸ್-ಪಿಕೊ ಒಪ್ಪಂದದಲ್ಲಿ ಹೆಸರಿರುವ ಸೈಕ್ಸ್ ಇವನೇ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಇಲ್ಲಿ ನಾವು ಪ್ರಾಮಾಣಿಕವಾಗಿ ಮಾತನಾಡಬೇಕು. 1915ರಲ್ಲಿ ಉಸ್ಮಾನಿಯಾ ಸರಕಾರವನ್ನು ನಡೆಸುತ್ತಿದ್ದವರು ಅರ್ಮೇನಿಯನ್ನರನ್ನು ಮನೆಮಾರುಗಳಿಂದ ಎಬ್ಬಿಸಿ ಸಿರಿಯಾದ ಮರುಭೂಮಿಯತ್ತ ಅಟ್ಟಿದರು. ಲಕ್ಷಾಂತರ ಜನ, ಹೆಂಗಸರು ಮಕ್ಕಳು ಸಹಿತ, ಕೊಲೆಗೂ ಹಸಿವಿಗೂ ರೋಗಕ್ಕೂ ಬಲಿಯಾದರು. ಬಹುಪಾಲು ಇತಿಹಾಸಕಾರರು ಇದನ್ನು ನರಮೇಧ ಎಂದೇ ಕರೆಯುತ್ತಾರೆ. ಆಳಿದವರು ಮುಸಲ್ಮಾನರಾಗಿದ್ದರು ಎಂಬ ಕಾರಣಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ನಮ್ಮ ಮೇಲಾದ ಅನ್ಯಾಯವನ್ನು ಹೇಳುವ ಬಾಯಿ, ನಮ್ಮವರು ಮಾಡಿದ ಅನ್ಯಾಯವನ್ನೂ ಹೇಳಬೇಕು.

ಹಾಗೆಯೇ ಇನ್ನೊಂದು ಸತ್ಯವನ್ನೂ ಹೇಳಬೇಕು. ಆಗ ಕುತಾಹ್ಯಾದ ಆಡಳಿತಾಧಿಕಾರಿಯಾಗಿದ್ದವರು ಫಾಯಿಕ್ ಅಲಿ, ಒಬ್ಬ ಕವಿ. ತಮ್ಮ ಊರಿನ ಅರ್ಮೇನಿಯನ್ನರನ್ನು ಗಡೀಪಾರು ಮಾಡಿ ಎಂಬ ಆದೇಶವನ್ನು ಅವರು ಪಾಲಿಸಲಿಲ್ಲ. ಊರಿನ ಮುಸ್ಲಿಂ ಪ್ರಮುಖರೂ ಅವರ ಬೆನ್ನಿಗೆ ನಿಂತರು. ಕುತಾಹ್ಯಾದ ಅನೇಕ ಅರ್ಮೇನಿಯನ್ ಕುಟುಂಬಗಳು ಉಳಿದದ್ದು ಇದರಿಂದ. ಅಧಿಕಾರದ ಕುರ್ಚಿಯಲ್ಲಿ ಕೂತು ದೀನನ್ನು ಪಾಲಿಸುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಫಾಯಿಕ್ ಅಲಿಯವರ ಹೆಸರು ಹೇಳುತ್ತೇನೆ.

ಆದರೂ ಒಹನೆಸಿಯಾನ್‌ಗೆ ಪಾರಾಗಲು ಆಗಲಿಲ್ಲ. 1916ರಲ್ಲಿ ಅವನನ್ನು ಬಂಧಿಸಿ, ಹೆಂಡತಿ ಮಕ್ಕಳೊಂದಿಗೆ ಗಡೀಪಾರು ಮಾಡಿದರು. ಕಾರ್ಖಾನೆ ಹೋಯಿತು, ಆವಿಗೆಗಳು ಹೋದವು, ಮನೆ ಹೋಯಿತು. ಕಷ್ಟಪಟ್ಟು ಕುಟುಂಬ ಅಲೆಪ್ಪೊ ಮುಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ, 1918ರ ಕೊನೆಯಲ್ಲಿ, ಅದೇ ಮಾರ್ಕ್ ಸೈಕ್ಸ್ ಅಲೆಪ್ಪೊಗೆ ಬಂದಾಗ ಅವನನ್ನು ಕಂಡ. ಜೆರುಸಲೇಮ್ ಆಗ ಬ್ರಿಟಿಷರ ಕೈಯಲ್ಲಿತ್ತು. ಕುಬ್ಬತುಸ್ಸಖ್ರಾದ ಟೈಲುಗಳು ಸಡಿಲಗೊಂಡು ಉದುರುತ್ತಿದ್ದವು. ದುರಸ್ತಿಗೆ ಕೆಲಸ ಬಲ್ಲವರು ಬೇಕಾಗಿದ್ದರು. ಸೈಕ್ಸ್ ಇವನ ಹೆಸರು ಹೇಳಿದ. ತನ್ನ ಸರಕಾರವೇ ನಿರಾಶ್ರಿತನನ್ನಾಗಿ ಮಾಡಿದ ಒಬ್ಬ ಕ್ರೈಸ್ತ ಕುಶಲಕರ್ಮಿ, ಮುಸಲ್ಮಾನರ ಪವಿತ್ರ ಕಟ್ಟಡಕ್ಕೆ ಟೈಲು ಮಾಡಲು ಜೆರುಸಲೇಮಿಗೆ ಬಂದ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅವನ ಬಳಿ ಏನು ಉಳಿದಿತ್ತು? ಹಣವಿಲ್ಲ, ಜಾಗವಿಲ್ಲ, ದೇಶವಿಲ್ಲ. ಕೈಯಲ್ಲಿ ಕಸುಬು, ತಲೆಯಲ್ಲಿ ಬಣ್ಣದ ಲೆಕ್ಕ. ಗಡಿಯಲ್ಲಿ ಯಾವ ಸಿಪಾಯಿಯೂ ಕಿತ್ತುಕೊಳ್ಳಲಾಗದ ಆಸ್ತಿ ಅದೊಂದೇ.

ಈ ಕೆಲಸ ಎಷ್ಟು ಕಠಿಣವೆಂದು ತಿಳಿಯಬೇಕಾದರೆ ಅದನ್ನು ಮಾಡುವ ಬಗೆಯನ್ನು ತಿಳಿಯಬೇಕು. ಮೊದಲು ಟೈಲಿನ ಮೈ ತಯಾರಿಸಿ ಒಣಗಿಸಿ ಸುಡಬೇಕು. ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ತೂತು ಚುಚ್ಚಿ, ಆ ಕಾಗದವನ್ನು ಟೈಲಿನ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಗಂಟಿನಿಂದ ತಟ್ಟುತ್ತಾರೆ. ಕಾಗದ ತೆಗೆದರೆ ಚುಕ್ಕೆಗಳ ಸಾಲು ಮೂಡಿರುತ್ತದೆ. ನಮ್ಮ ಕಸೂತಿ ಕೆಲಸದವರು ಬಟ್ಟೆಯ ಮೇಲೆ ನಮೂನೆ ಇಳಿಸುವುದೂ ಹೀಗೆಯೇ. ಆ ಚುಕ್ಕೆಗಳ ಮೇಲೆ ಸಣ್ಣ ಕುಂಚದಿಂದ ಕಪ್ಪು ಗೆರೆ ಎಳೆದು, ಒಳಗೆ ಬಣ್ಣ ತುಂಬುತ್ತಾರೆ. ಕೋಬಾಲ್ಟ್‌ನಿಂದ ಕಡುನೀಲಿ, ತಾಮ್ರದಿಂದ ಪಚ್ಚೆನೀಲಿ, ಕಬ್ಬಿಣದಂಶವಿರುವ ಮಣ್ಣಿನಿಂದ ಕೆಂಪು. ಆಮೇಲೆ ಗಾಜಿನಂತಹ ಮೆರುಗಿನ ದ್ರಾವಣ ಬಳಿದು ಮತ್ತೆ ಆವಿಗೆಗೆ ಇಡುತ್ತಾರೆ. ಬಿಸಿಯಾಗಿ ಆರುವಾಗ ಮೈಯೂ ಮೆರುಗೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಕುಗ್ಗಬೇಕು. ಇಲ್ಲವಾದರೆ ಮೆರುಗು ಬಿರುಕು ಬಿಡುತ್ತದೆ, ಇಲ್ಲವೇ ಸಿಪ್ಪೆಯಂತೆ ಎದ್ದು ಬರುತ್ತದೆ. ಊರು ಬದಲಾದರೆ ಮಣ್ಣು ಬದಲಾಗುತ್ತದೆ, ಹಳೆಯ ಲೆಕ್ಕ ಹೊಸ ಮಣ್ಣಿಗೆ ಹೊಂದುವುದಿಲ್ಲ. ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ರಸಾಯನಶಾಸ್ತ್ರ, ಭೌತಶಾಸ್ತ್ರ, ರೇಖಾಗಣಿತ ಮೂರೂ ಇದರಲ್ಲಿವೆ. ಮತ್ತೆ ಯಾರಾದರೂ ಇದನ್ನು ಓದದವರ ಕೆಲಸ ಎಂದರೆ ಒಪ್ಪಬೇಡಿ.

1919ರಲ್ಲಿ ಒಹನೆಸಿಯಾನ್ ಕುತಾಹ್ಯಾಗೆ ಹೋಗಿ, ಅಲ್ಲಿ ಉಳಿದಿದ್ದ ನುರಿತ ಕೆಲಸಗಾರರನ್ನು ಕುಟುಂಬಗಳ ಸಮೇತ ಜೆರುಸಲೇಮಿಗೆ ಕರೆತಂದ. ಅವರಲ್ಲಿ ಇಬ್ಬರು ಮುಖ್ಯರು. ತಿಗರಿಯ ಮೇಲೆ ಕೈಯಾಡಿಸುವುದರಲ್ಲಿ ನಿಸ್ಸೀಮನಾದ ನೆಶಾನ್ ಬಾಲಿಯಾನ್, ಕುಂಚ ಹಿಡಿಯುವುದರಲ್ಲಿ ನಿಸ್ಸೀಮನಾದ ಮೆಗರ್ದಿಚ್ ಕರಾಕಾಶಿಯಾನ್. ಹಳೆಯ ನಗರದ ವಿಯಾ ಡೊಲೊರೊಸಾ ಬೀದಿಯಲ್ಲಿ ಕಾರ್ಖಾನೆ ಆರಂಭವಾಯಿತು. ಯುದ್ಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಅರ್ಮೇನಿಯನ್ ಅನಾಥ ಮಕ್ಕಳಿಗೆ ಅಲ್ಲಿ ಕೆಲಸ ಕಲಿಸಿದರು.

ಕುಬ್ಬತುಸ್ಸಖ್ರಾಕ್ಕೆ ಪೂರ್ತಿ ಟೈಲು ಒದಗಿಸುವ ಯೋಜನೆ ಅಂದುಕೊಂಡಂತೆ ನಡೆಯಲಿಲ್ಲ. ಹಣದ ಕೊರತೆ, ರಾಜಕೀಯ ಎರಡೂ ಅಡ್ಡ ಬಂದವು. ಮುಂದೆ 1960ರ ದಶಕದ ದೊಡ್ಡ ದುರಸ್ತಿಯಲ್ಲಿ ಹೊರಗೋಡೆಯ ಹಳೆಯ ಟೈಲುಗಳ ಬದಲು ಹೊಸ ಟೈಲುಗಳನ್ನು ಹಾಕಲಾಯಿತು. ಯಾವ ಕೆಲಸಕ್ಕಾಗಿ ಕರೆದರೋ ಆ ಕೆಲಸವೇ ಕೈಗೆ ಪೂರ್ತಿ ಸಿಗದಿದ್ದಾಗ ಒಹನೆಸಿಯಾನ್ ಕಾರ್ಖಾನೆಗೆ ಬೀಗ ಹಾಕಲಿಲ್ಲ. ತಟ್ಟೆ, ಬಟ್ಟಲು, ಹೂಜಿ ಮಾಡಿದರು. ಮನೆಗಳಿಗೆ, ಚರ್ಚುಗಳಿಗೆ, ಕಾರಂಜಿಗಳಿಗೆ ಟೈಲು ಮಾಡಿದರು. ನಗರದ ಬೀದಿಗಳ ಹೆಸರನ್ನು ಇಂಗ್ಲಿಷ್, ಅರಬಿ, ಹೀಬ್ರೂ ಮೂರು ಭಾಷೆಗಳಲ್ಲಿ ಬರೆದ ಟೈಲು ಫಲಕಗಳನ್ನು ಮಾಡಿದರು. ಇಜ್ನಿಕ್‌ನ ಟ್ಯೂಲಿಪ್, ಕಾರ್ನೇಶನ್ ಹೂಗಳ ಪಕ್ಕದಲ್ಲಿ ಅರ್ಮೇನಿಯನ್ ಚರ್ಚಿನ ನೆಲಚಿತ್ರಗಳ ಹಕ್ಕಿಗಳು ಬಂದವು. ಮುಂದಿನ ವರ್ಷಗಳಲ್ಲಿ, ಜೆರಿಕೊ ಬಳಿಯ ಉಮಯ್ಯಾ ಅರಮನೆಯ ಮೊಸಾಯಿಕ್‌ನಲ್ಲಿ ಕಂಡ ಮರ ಮತ್ತು ಜಿಂಕೆಗಳೂ ಈ ತಟ್ಟೆಗಳಿಗೆ ಇಳಿದವು. ಹೊಸ ಊರಿನಿಂದ ಪಡೆಯುವುದಕ್ಕೆ ಸಂಕೋಚಪಡಲಿಲ್ಲ, ಹಳೆಯದನ್ನು ಬಿಟ್ಟುಕೊಡಲೂ ಇಲ್ಲ. ಇಂದು ಇದನ್ನು ಜೆರುಸಲೇಮಿನ ಅರ್ಮೇನಿಯನ್ ಕುಂಭಕಲೆ ಎಂದೇ ಲೋಕ ಗುರುತಿಸುತ್ತದೆ.

1922ರಲ್ಲಿ ಬಾಲಿಯಾನ್ ಮತ್ತು ಕರಾಕಾಶಿಯಾನ್ ಬೇರೆಯಾಗಿ ನಾಬ್ಲಸ್ ರಸ್ತೆಯಲ್ಲಿ ತಮ್ಮದೇ ಕಾರ್ಖಾನೆ ತೆರೆದರು. 1948ರ ಯುದ್ಧದಲ್ಲಿ ಜೆರುಸಲೇಮ್ ಇಬ್ಭಾಗವಾಯಿತು. ಲಕ್ಷಾಂತರ ಫೆಲೆಸ್ತೀನಿಯರು ಮನೆ ಕಳೆದುಕೊಂಡ ಆ ವರ್ಷ ಒಹನೆಸಿಯಾನ್ ಕೂಡ ಎರಡನೆಯ ಬಾರಿ ನಿರಾಶ್ರಿತನಾದ. 1953ರಲ್ಲಿ ಬೈರೂತಿನಲ್ಲಿ ತೀರಿಕೊಂಡ. ಅವನ ಕಾರ್ಖಾನೆ ಉಳಿಯಲಿಲ್ಲ. ಆದರೆ ಅವನು ಕರೆತಂದ ಎರಡು ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಕಸುಬನ್ನು ಬಿಡಲಿಲ್ಲ. ಬಾಲಿಯಾನರ ಮನೆಗೆ ಸೊಸೆಯಾಗಿ ಬಂದ ಮರಿ ಬಾಲಿಯಾನ್ ಫ್ರಾನ್ಸಿನಲ್ಲಿ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿ, ಚಿತ್ರಕಲೆ ಓದಿದ ಹೆಣ್ಣುಮಗಳು. ಅವರು ಒಂದೊಂದು ಟೈಲಿಗೆ ಒಂದು ನಮೂನೆ ಎಂಬ ಹಳೆಯ ಕ್ರಮದಿಂದ ಮುಂದೆ ಹೋಗಿ, ಹತ್ತಾರು ಟೈಲುಗಳನ್ನು ಜೋಡಿಸಿ ತೋಟ, ಹಕ್ಕಿ, ಜಿಂಕೆಗಳ ದೊಡ್ಡ ಗೋಡೆಚಿತ್ರಗಳನ್ನು ಬರೆದರು. 1992ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಅವುಗಳ ಪ್ರದರ್ಶನವಾಯಿತು. 2017ರಲ್ಲಿ ಅವರು ನಿಧನರಾದರು. ಒಹನೆಸಿಯಾನ್‌ನ ಮೊಮ್ಮಗಳು ಸಾತೊ ಮುಗಲಿಯಾನ್ ಅಮೆರಿಕದಲ್ಲಿ ಕೊಳಲು ವಾದಕಿ. ಅಜ್ಜನ ಬದುಕನ್ನು ದಾಖಲೆಗಳಿಂದ ಹುಡುಕಿ ತೆಗೆದು 2019ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾವು ಅವನ ಬಗ್ಗೆ ಇಷ್ಟು ತಿಳಿದಿದ್ದರೆ ಅದರಲ್ಲಿ ಈ ಓದಿದ ಮೊಮ್ಮಗಳ ಪಾಲು ದೊಡ್ಡದು.

ಈಗ ನಮ್ಮ ಊರಿಗೆ, ನಮ್ಮ ಮನೆಗೆ ಬರೋಣ.

ಇಂದು ವಿದ್ಯಾರ್ಥಿವೇತನ ಪಡೆಯುವ ನಿಮ್ಮಲ್ಲಿ ಅನೇಕರ ತಂದೆ ತಾಯಂದಿರು ಕೈಯ ಕೆಲಸ ಮಾಡುವವರು. ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಕಾಲಮ್ಮಿಗೆ ಬಂದಾಗ ಎಷ್ಟೋ ಮಕ್ಕಳು ಸುಮ್ಮನೆ ಕೂಲಿ ಎಂದು ಬರೆಯುತ್ತಾರೆ. ತಂದೆ ಬಿದರಿ ಕೆಲಸದವರಾಗಿರಬಹುದು, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಗೊಂಬೆ ಮಾಡುವವರಾಗಿರಬಹುದು, ಮೈಸೂರಿನಲ್ಲಿ ಬೀಟೆ ಮರದ ಮೇಲೆ ಕುಸುರಿ ಕೂರಿಸುವವರಾಗಿರಬಹುದು, ತಾಯಿ ಮನೆಯಲ್ಲೇ ಕೂತು ಜರಿ ಕೆಲಸ ಮಾಡುವವರಾಗಿರಬಹುದು. ಕೂಲಿ ಎಂಬ ಒಂದೇ ಶಬ್ದದಲ್ಲಿ ಅದೆಲ್ಲ ಅಳಿಸಿಹೋಗುತ್ತದೆ. ತನ್ನ ಕೈಯ ದುಡಿಮೆಯ ಊಟಕ್ಕಿಂತ ಉತ್ತಮವಾದ ಊಟವಿಲ್ಲವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ದಾವೂದ್(ಅ) ಕೈಯಿಂದ ದುಡಿದು ಉಣ್ಣುತ್ತಿದ್ದರೆಂದೂ ಹೇಳಿದ್ದಾರೆ. ಆ ದಾವೂದ್(ಅ) ಕವಚ ಮಾಡುತ್ತಿದ್ದರು, ಝಕರಿಯ್ಯಾ(ಅ) ಬಡಗಿಯಾಗಿದ್ದರು. ಹೀಗಿರುವಾಗ ನಮಗೆ ನಾಚಿಕೆ ಎಲ್ಲಿಂದ ಬಂತು?

ನನ್ನ ಮಾತನ್ನು ತಪ್ಪು ತಿಳಿಯಬೇಡಿ. ಬಡವರ ಮಕ್ಕಳು ಶಾಲೆ ಬಿಟ್ಟು ತಂದೆಯ ಕಸುಬನ್ನೇ ಹಿಡಿಯಲಿ ಎಂದು ನಾನು ಹೇಳುತ್ತಿಲ್ಲ. ಖಂಡಿತ ಇಲ್ಲ. ಪುಸ್ತಕ ಹಿಡಿಯಬೇಕಾದ ಕೈಗೆ ಸುತ್ತಿಗೆ ಕೊಡುವುದು ಪಾಪ. ಹಗಲಿಡೀ ದುಡಿದರೂ ಹೊಟ್ಟೆ ತುಂಬದ ಕಸುಬಿನಲ್ಲಿ ಕಲೆಯ ಹೆಸರಿನಲ್ಲಿ ಯಾರನ್ನೂ ಕೂಡಿಹಾಕಬಾರದು. ನನ್ನೊಂದಿಗೇ ಇದು ಮುಗಿಯಲಿ ಎಂದು ಹೇಳುವ ತಂದೆಯ ನೋವು ನಮಗೆ ಅರ್ಥವಾಗಬೇಕು. ನಾನು ಹೇಳುವುದಿಷ್ಟೇ: ಓದು ಒಂದು ದಾರಿ, ಕಸುಬು ಇನ್ನೊಂದು ದಾರಿ, ಒಂದನ್ನು ಹಿಡಿದರೆ ಇನ್ನೊಂದನ್ನು ಮರೆಯಲೇಬೇಕು ಎಂಬುದು ಸುಳ್ಳು. ಕಾಶಾನಿನ ಅಬುಲ್ ಕಾಸಿಂ ಓದಿದ, ಆಸ್ಥಾನ ಸೇರಿದ, ಆದರೆ ಮನೆಯ ಲೆಕ್ಕವನ್ನು ಬರೆದಿಟ್ಟ. ಮರಿ ಬಾಲಿಯಾನ್ ಕಲಾಶಾಲೆಯಲ್ಲಿ ಕಲಿತದ್ದನ್ನು ಮನೆಯ ಆವಿಗೆಗೆ ತಂದರು. ಸಾತೊ ಮುಗಲಿಯಾನ್ ಟೈಲು ಮಾಡಲಿಲ್ಲ, ಅಜ್ಜನನ್ನು ಮರೆವಿನಿಂದ ಉಳಿಸಿದರು. ಮೂವರದೂ ಬೇರೆ ಬೇರೆ ದಾರಿ, ಮೂರೂ ಋಣ ತೀರಿಸುವ ದಾರಿಗಳೇ.

ನಮ್ಮ ಬೀದರಿನಲ್ಲಿಯೇ ನೋಡಿ. ಸತುವು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿದ ಬಿದರಿ ಪಾತ್ರೆಗೆ ಆ ಕಪ್ಪು ಬಣ್ಣ ಬರುವುದು ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದಿಂದ. ಯಾವ ಮಣ್ಣು ಸರಿ ಎಂಬುದನ್ನು ಹಿರಿಯ ಕೆಲಸಗಾರರು ನಾಲಗೆಗೆ ಇಟ್ಟು ರುಚಿ ನೋಡಿ ಹೇಳುತ್ತಾರೆ. ತಂದೆಯಿಂದ ಕಸುಬು ಕಲಿತ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷದ ಮಾತು. ಆದರೆ ನಾಲಗೆಯ ಮೇಲಿನ ಆ ಜ್ಞಾನ ಯಾವ ಪುಸ್ತಕದಲ್ಲಿ ಸೇರುತ್ತದೆ? ಆ ನಾಲಗೆ ಮೌನವಾದ ದಿನ ಯಾರನ್ನು ಕೇಳುವುದು? ನಮ್ಮ ಮನೆಗಳಲ್ಲಿ ಅಬುಲ್ ಕಾಸಿಂ ಎಲ್ಲಿದ್ದಾನೆ?

ಆದುದರಿಂದ ಎರಡು ಸಲಹೆಗಳನ್ನು ಮುಂದಿಟ್ಟು ಮಾತು ಮುಗಿಸುತ್ತೇನೆ. ಮೊದಲನೆಯದು ವಿದ್ಯಾರ್ಥಿಗಳಿಗೆ. ಈ ರಜೆಯಲ್ಲಿ ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಮನೆಯ ಅಥವಾ ಓಣಿಯ ಒಬ್ಬ ಹಿರಿಯ ಕೆಲಸಗಾರರ ಬಳಿ ಕೂರಿ. ಉಪಕರಣಗಳ ಹೆಸರು, ಸಾಮಾನು ಎಲ್ಲಿಂದ ಬರುತ್ತದೆ, ಎಷ್ಟಕ್ಕೆ ಎಷ್ಟು ಬೆರೆಸುತ್ತಾರೆ, ಕೆಲಸ ಕೆಡುವುದು ಯಾವಾಗ, ಕಲಿಸಿದವರು ಯಾರು ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಅವರ ಅನುಮತಿ ಕೇಳಿಯೇ ಬರೆಯಿರಿ, ಏಕೆಂದರೆ ಅದು ಅವರ ಆಸ್ತಿ. ಎರಡನೆಯದು ಸಂಘಕ್ಕೆ. ಮುಂದಿನ ವರ್ಷದಿಂದ ಅಂತಹ ಬರಹಗಳಿಗೆ ಈ ವಾರ್ಷಿಕ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ಮೀಸಲಿಡಿ. ವೈದ್ಯಕೀಯ, ಇಂಜಿನಿಯರಿಂಗ್ ಓದುವವರಿಗೆ ಕೊಡುವಂತೆಯೇ ವಿನ್ಯಾಸ, ಚಿತ್ರಕಲೆ, ಲೋಹಶಾಸ್ತ್ರ ಓದಲು ಬಯಸುವ ಕುಶಲಕರ್ಮಿಗಳ ಮಕ್ಕಳಿಗೂ ವಿದ್ಯಾರ್ಥಿವೇತನ ಕೊಡಿ. ಹೆಣ್ಣುಮಕ್ಕಳಿಗೆ ಮೊದಲು ಕೊಡಿ.

ಮನೆ, ಜಮೀನು, ಅಂಗಡಿ ಯಾವಾಗ ಯಾರ ಕೈಯಿಂದ ಹೋಗುತ್ತದೆ ಎಂದು ಹೇಳಲಾಗದು. ಕಲಿತದ್ದು ಜೊತೆಯಲ್ಲಿ ಬರುತ್ತದೆ, ಕಲಿಸಿದ್ದು ನಾವು ಹೋದ ಮೇಲೂ ಉಳಿಯುತ್ತದೆ. ನಮ್ಮ ಮಕ್ಕಳಿಗೆ ಪ್ರಯೋಜನಕರವಾದ ಜ್ಞಾನವನ್ನೂ, ಹೆತ್ತವರ ದುಡಿಮೆಯನ್ನು ಗೌರವಿಸುವ ಮನಸ್ಸನ್ನೂ, ಅನ್ಯಾಯದ ಆದೇಶ ಬಂದಾಗ ಇಲ್ಲ ಎನ್ನುವ ಧೈರ್ಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.